ದುಬೈಗೆ ಹೊರಟವರಿಗೆ: ಹಕ್ಕಿ ನೋಡಿ, ಖರ್ಜೂರದ ಕಂದು ತರಬೇಡಿ

ಬ್ರಹ್ಮಾವರದಿಂದ ಕೇಳಿದವರಿಗೆ: ಜನವರಿಯಲ್ಲಿ ದುಬೈಗೆ ಹೋದಾಗ ಯಾವ ಹಕ್ಕಿ, ಗಿಡ ನೋಡಬಹುದು, ಬರುವಾಗ ಖರ್ಜೂರದ ಕಂದು (ಮರದ ಬುಡದಲ್ಲಿ ಹುಟ್ಟುವ ಸಸಿ) ಬ್ಯಾಗಲ್ಲಿ ತರಬಹುದೇ ಎಂದು ಕೇಳಿದ್ದೀರಿ. ಎರಡನೆಯದಕ್ಕೇ ಮೊದಲು ಹೇಳುತ್ತೇನೆ. ದಯವಿಟ್ಟು ಬೇಡ.

ನಮ್ಮ 2003ರ ಸಸ್ಯ ಸಂಗರೋಧ (ಕ್ವಾರಂಟೈನ್) ಆದೇಶದ ಪ್ರಕಾರ ಹೊರದೇಶದ ಸಸಿಗೆ ಆಮದು ಪರವಾನಗಿ ಬೇಕು, ಆ ದೇಶದ ಸಸ್ಯ ಆರೋಗ್ಯ ಪ್ರಮಾಣಪತ್ರವೂ ಬೇಕು. ಕಾನೂನಿಗಿಂತ ದೊಡ್ಡ ಕಾರಣ ನಿಮ್ಮ ತೆಂಗಿನ ತೋಟದಲ್ಲೇ ಇದೆ. ಹೊರಗಿನಿಂದ ಬಂದ, ಕಾಯಿ ಕೆಡಿಸುವ ನುಸಿ 1998ರಲ್ಲಿ ಕೇರಳದಲ್ಲಿ ಕಾಣಿಸಿತು, ಆಮೇಲೆ ನಮ್ಮ ತೋಟಗಳಿಗೂ ಹಬ್ಬಿತು. ಗರಿಯನ್ನೆಲ್ಲ ಕಪ್ಪು ಮಾಡುವ ಸುರುಳಿ ಬಿಳಿನೊಣ ಮಧ್ಯ ಅಮೆರಿಕದ ಕೀಟ, ನಮ್ಮ ದೇಶದಲ್ಲಿ 2016ರಿಂದ ಇದೆ. ತೆಂಗು, ಖರ್ಜೂರದ ಕಾಂಡ ಕೊರೆಯುವ ಕೆಂಪು ಮೂತಿ ಹುಳುವಿನದ್ದು ಇದರ ಉಲ್ಟಾ ದಾರಿ: ನಮ್ಮ ಕಡೆಯ ಹುಳು 1980ರ ದಶಕದಲ್ಲಿ ಗಲ್ಫ್ ಸೇರಿತು, ಅಲ್ಲಿಂದ ಕಂದುಗಳ ಸಾಗಾಟದ ಜೊತೆ ಮುಂದೆ ಹಬ್ಬಿತು. ಹುಳುವಿನ ಮರಿ ಕಾಂಡದೊಳಗೆ ಇರುವುದರಿಂದ ಬೇರು ತೊಳೆದರೂ, ಮೇಲೆ ಔಷಧಿ ಹೊಡೆದರೂ ಅದಕ್ಕೆ ತಾಗುವುದಿಲ್ಲ.

ತಂದರೂ ಫಲ ಸಿಗುವುದು ಕಷ್ಟ. ಖರ್ಜೂರದ ಹಣ್ಣು ಮಾಗುವಾಗ ಒಣ ಹವೆ ಬೇಕು, ನಮ್ಮಲ್ಲಿ ಆಗ ಜಡಿಮಳೆ. ಖರ್ಜೂರ ಬೆಳೆಯುವ ಗುಜರಾತಿನ ಕಛ್‌ನವರೇ ಮಳೆಗೆ ಹೆದರಿ ಪೂರ್ತಿ ಮಾಗುವ ಮೊದಲು ಗೊನೆ ಇಳಿಸುತ್ತಾರೆ. ಮೇಲಾಗಿ ಗಂಡು, ಹೆಣ್ಣು ಮರ ಬೇರೆ ಬೇರೆ. ಒಂದೇ ಹೆಣ್ಣು ಕಂದು ನೆಟ್ಟು ಪ್ರಯೋಜನವಿಲ್ಲ.

ಇನ್ನು ಹಕ್ಕಿ. ಜನವರಿ ಒಳ್ಳೆಯ ಸಮಯ, ವಲಸೆ ಹಕ್ಕಿಗಳೆಲ್ಲ ಇರುತ್ತವೆ. ದುಬೈನ ವನ್ಯಜೀವಿ ಧಾಮ ರಾಸ್ ಅಲ್ ಖೋರ್‌ನಲ್ಲಿ ರಾಜಹಂಸಗಳನ್ನು ಮರೆಗೂಡಿನಿಂದ ನೋಡಬಹುದು. ಹೊರಡುವ ಮೊದಲು ಅಂದಿನ ಸಮುದ್ರದ ಇಳಿತದ ಹೊತ್ತು ನೋಡಿಕೊಳ್ಳಿ, ಕೆಸರು ತೆರೆದಾಗಲೇ ಗದ್ದೆಗೊರವಗಳು ಮೇಯಲು ಇಳಿಯುವುದು. 8x42 ಬೈನಾಕ್ಯುಲರ್ ಸಾಕು. ಎಸಿಯಿಂದ ಹೊರಗೆ ತಂದ ಕೂಡಲೇ ಗಾಜಿಗೆ ಮಂಜು ಹಿಡಿದರೆ ಉಜ್ಜಬೇಡಿ, ಚೀಲದೊಳಗೇ ಅರ್ಧ ಗಂಟೆ ಬಿಡಿ. ಮರಳಿನ ಧೂಳನ್ನು ಮೊದಲು ಬ್ಲೋವರ್‌ನಿಂದ ಊದಿ, ಬಟ್ಟೆ ಆಮೇಲೆ. ಇಲ್ಲದಿದ್ದರೆ ಲೆನ್ಸಿನ ಲೇಪ ಗೀರಿಹೋಗುತ್ತದೆ. ವಿಮಾನ ನಿಲ್ದಾಣ, ಬಂದರು, ಸೇನೆಯ ಜಾಗದ ಕಡೆಗೆ ಉದ್ದ ಲೆನ್ಸ್ ತಿರುಗಿಸಲೇಬೇಡಿ.

ಪಾರ್ಕುಗಳಲ್ಲಿ ನಮ್ಮ ನೀಲಕಂಠ, ಟಿಟ್ಟಿಭ, ಸೂರಕ್ಕಿ ಸಿಗುತ್ತವೆ, ಅಲ್ಲಿಯೂ ನೆಲೆಸಿದ ಹಕ್ಕಿಗಳೇ. ಅವರ ರಾಷ್ಟ್ರವೃಕ್ಷ ಗಾಫ್ ಬೇರೆ ಯಾವುದೂ ಅಲ್ಲ, ದಸರೆಯ ಬನ್ನಿ ಮರ. ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳಲ್ಲಿ ಅಲ್ಲಿ ಸಹಜವಾಗಿ ಬೆಳೆಯುವುದು ಒಂದೇ ಜಾತಿ. ಎಲೆಯ ಮೇಲೆ ಉಪ್ಪಿನ ಹರಳು ಕಟ್ಟಿರುತ್ತದೆ, ಹತ್ತಿರ ಸಿಕ್ಕರೆ ನೋಡಿ. ಎಕ್ಕದ ಗಿಡ ಕಂಡರೆ ಎಲೆಯ ಅಡಿಯಲ್ಲಿ ಚಿಟ್ಟೆಯ ಕಂಬಳಿಹುಳು ಹುಡುಕಿ. ಕಲ್ಲು ಮಗುಚಬೇಡಿ, ಚೇಳು ಇರುತ್ತದೆ.

ಗುರುತು ತಿಳಿಯದ ಗಿಡವಾದರೆ ಇಡೀ ಗಿಡ, ಎಲೆಯ ಎರಡೂ ಬದಿ, ಹೂ, ತೊಗಟೆ ಇಷ್ಟರ ಫೋಟೋ ತೆಗೆಯಿರಿ. ಕೀಟವಾದರೆ ಮೇಲಿನಿಂದ ಒಂದು, ಪಕ್ಕದಿಂದ ಒಂದು. ಹೂವಿನದ್ದೊಂದೇ ಕಳಿಸಿದರೆ ಯಾರಿಗೂ ಗುರುತು ಹೇಳಲಾಗದು.

ಹೋಗುವಾಗ ವೀಳ್ಯದೆಲೆ, ಗಸಗಸೆ ಬೇಡ, ಎರಡೂ ಅಲ್ಲಿ ನಿಷಿದ್ಧ. ಬರುವ ಮುನ್ನಾದಿನ ಶೂ ತಳವನ್ನು ಹಳೆ ಬ್ರಶ್ಶಿನಿಂದ ತಿಕ್ಕಿ ಒಣಗಿಸಿ, ಕಾಲುಚೀಲ, ಪ್ಯಾಂಟಿನ ಮಡಿಕೆಯಲ್ಲಿ ಸಿಕ್ಕಿಕೊಂಡ ಬೀಜ ಕಿತ್ತು ಅಲ್ಲಿನ ಕಸದ ಬುಟ್ಟಿಗೇ ಹಾಕಿ.