ಮನೆಯ ಅಡಿಪಾಯಕ್ಕೆ ತೊಂದರೆಯಾಗುತ್ತಿದೆ ಎಂಬುದನ್ನು ಆರಂಭದಲ್ಲೇ ಗುರುತಿಸುವುದು ಹೇಗೆ?

ಗೋಡೆಯಲ್ಲಿ ಬಿರುಕು ಕಂಡ ಕೂಡಲೇ ಅಡಿಪಾಯವೇ ಕೆಟ್ಟಿತೆಂದು ಗಾಬರಿಪಡಬೇಕಾಗಿಲ್ಲ. ಗಾರೆ ಒಣಗುವಾಗ ಮೂಡುವ ಕೂದಲೆಳೆಯಂಥ ಬಿರುಕುಗಳು ಸಾಮಾನ್ಯ. ನೋಡಬೇಕಾದದ್ದು ಬಿರುಕಿನ ದಿಕ್ಕು, ಅಗಲ ಮತ್ತು ಬೆಳವಣಿಗೆಯನ್ನು. ಬಾಗಿಲು ಅಥವಾ ಕಿಟಕಿಯ ಮೂಲೆಯಿಂದ ಓರೆಯಾಗಿ ಹೊರಟು ಒಂದು ತುದಿಯಲ್ಲಿ ಅಗಲವಾಗುವ ಬಿರುಕು, ಇಲ್ಲವೇ ಇಟ್ಟಿಗೆಗಳ ಸಂದುಗಳನ್ನೇ ಹಿಡಿದು ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ಬಿರುಕು, ಕಟ್ಟಡದ ಒಂದು ಭಾಗ ಉಳಿದ ಭಾಗಕ್ಕಿಂತ ಹೆಚ್ಚು ಕುಸಿಯುತ್ತಿರುವುದರ ಸೂಚನೆಯಾಗಿರಬಹುದು. ಅಗಲ 5 ಮಿಲಿಮೀಟರ್ ದಾಟಿದ್ದರೆ ದಯವಿಟ್ಟು ತಡಮಾಡಬೇಡಿ.

ಸಲೀಸಾಗಿ ಮುಚ್ಚುತ್ತಿದ್ದ ಬಾಗಿಲು ಚೌಕಟ್ಟಿಗೆ ಉಜ್ಜತೊಡಗುವುದೂ ಒಂದು ಲಕ್ಷಣವೇ. ಆದರೆ ತೇವಕ್ಕೆ ಮರ ಉಬ್ಬಿದಾಗಲೂ ಹೀಗಾಗುವುದರಿಂದ, ಒಣಹವೆಯಲ್ಲೂ ಅದು ಸರಿಹೋಗದಿದ್ದರೆ ಮಾತ್ರ ಅನುಮಾನಿಸಿ. ನೆಲ ಒಂದು ಕಡೆಗೆ ವಾಲಿದ್ದರೆ, ಗೋಡೆಗೂ ನೆಲಕ್ಕೂ ನಡುವೆ ಸಂದು ಬಿಟ್ಟಿದ್ದರೆ ಅನುಮಾನ ಬಲವಾಗುತ್ತದೆ.

ಬಿರುಕಿನ ಎರಡೂ ತುದಿಗಳಿಗೆ ಪೆನ್ಸಿಲ್‌ನಿಂದ ಅಡ್ಡಗೆರೆ ಎಳೆದು, ಪಕ್ಕದಲ್ಲೇ ದಿನಾಂಕವನ್ನೂ ಅಗಲವನ್ನೂ ಬರೆದಿಡಿ, ತಿಂಗಳಿಗೊಮ್ಮೆ ಅಳೆಯಿರಿ. ಗೆರೆ ದಾಟಿ ಬೆಳೆಯುತ್ತಿರುವ ಬಿರುಕಿಗೆ ಗಾರೆ ಮೆತ್ತಿ ಬಣ್ಣ ಬಳಿಯುವುದೆಂದರೆ ಕಾಯಿಲೆಯನ್ನು ಮುಚ್ಚಿಟ್ಟಂತೆ. ಅದನ್ನು ಕಟ್ಟಡ ರಚನೆಯ ಎಂಜಿನಿಯರ್‌ಗೆ ತೋರಿಸಲೇಬೇಕು.

ಅನೇಕ ಸಂದರ್ಭಗಳಲ್ಲಿ ಮೂಲ ಕಾರಣ ನೀರು. ಜೇಡಿಮಣ್ಣು ನೆನೆದಾಗ ಉಬ್ಬುತ್ತದೆ, ಒಣಗಿದಾಗ ಕುಗ್ಗುತ್ತದೆ. ಸೋರುವ ಪೈಪು ಅಡಿಪಾಯದ ಕೆಳಗಿನ ಮಣ್ಣನ್ನು ಮೆಲ್ಲನೆ ಕೊಚ್ಚಿಕೊಂಡು ಹೋಗಬಹುದು. ಗೋಡೆಗೆ ತೀರಾ ಹತ್ತಿರವಿರುವ ದೊಡ್ಡ ಮರ ಮಣ್ಣಿನ ತೇವವನ್ನು ಹೀರಿಕೊಳ್ಳುತ್ತದೆ. ಆದ್ದರಿಂದ ಬಿರುಕನ್ನು ಪರೀಕ್ಷಿಸುವಾಗ ಮನೆಯ ಹೊರಗೂ ಒಂದು ಸುತ್ತು ಬಂದು, ಗೋಡೆಯ ಬುಡದಲ್ಲಿ ನೀರು ನಿಲ್ಲುತ್ತಿದೆಯೇ ಎಂದು ನೋಡಿ.