ಲೈಟನ್ನು ‘ಓಪನ್’ ಮಾಡುವ ವಿದ್ಯಾರ್ಥಿಗಳು

ಪ್ರಶ್ನೆ: ಚೀನಾದ ಮೂವರು ಹುಡುಗರಿಗೆ ವಿಡಿಯೊ ಕಾಲ್‌ನಲ್ಲಿ ಇಂಗ್ಲಿಷ್ ಹೇಳಿಕೊಡುತ್ತಿದ್ದೇನೆ. ಮೂವರೂ ‘ಓಪನ್ ದ ಲೈಟ್’, ‘ಓಪನ್ ದ ಟಿವಿ’ ಅಂತಲೇ ಹೇಳುತ್ತಾರೆ. ಹತ್ತು ಸಲ ತಿದ್ದಿದರೂ ಮತ್ತೆ ಅದೇ. ‘ಓಪನ್’ ಅಂದರೆ ಏನಂತ ಅವರಿಗೆ ಗೊತ್ತಿಲ್ಲವೇ?

ಉತ್ತರ: ಗೊತ್ತಿದೆ, ಸ್ವಲ್ಪ ಜಾಸ್ತಿಯೇ ಗೊತ್ತಿದೆ ಅನ್ನಿ. ಅವರ ತಲೆಯಲ್ಲಿ ‘ಓಪನ್’ ಪಕ್ಕ ಕೂತಿರುವುದು ಮ್ಯಾಂಡರಿನ್‌ನ ‘ಖಾಯ್’. ಬಾಗಿಲು ತೆರೆಯುವುದಕ್ಕೂ ಖಾಯ್, ಲೈಟ್ ಹಾಕುವುದಕ್ಕೂ ಖಾಯ್, ಕಾರು ಓಡಿಸುವುದಕ್ಕೂ ಖಾಯ್. ಮೀಟಿಂಗ್ ನಡೆಸಿದರೆ, ಡಾಕ್ಟರು ಔಷಧಿ ಬರೆದುಕೊಟ್ಟರೆ, ನೀರು ಕುದಿದರೆ, ಕೊನೆಗೆ ಹೂ ಅರಳಿದರೂ ಖಾಯ್!

ಇದರ ಹಳೆಯ ಅಕ್ಷರ ನೋಡಿದರೆ ವಿಷಯ ಹೊಳೆಯುತ್ತದೆ. ಎರಡು ಕದ, ನಡುವೆ ಅಗುಳಿ, ಅಗುಳಿ ತೆಗೆಯುವ ಎರಡು ಕೈ. ತೈವಾನ್, ಹಾಂಗ್‌ಕಾಂಗ್‌ನಲ್ಲಿ ಈಗಲೂ ಕದದ ಸಮೇತ ಬರೆಯುತ್ತಾರೆ. ಚೀನಾದಲ್ಲಿ ಲಿಪಿ ಸರಳ ಮಾಡುವಾಗ ಬಾಗಿಲೇ ಹಾರಿಹೋಯಿತು, ಅಗುಳಿ ಮತ್ತು ಕೈ ಮಾತ್ರ ಉಳಿದವು. ಖಾಯ್ ಅಂದರೂ ಹೆಚ್ಚುಕಡಿಮೆ ಅದೇ: ಅಗುಳಿ ತೆಗೆ, ಒಳಗೆ ತಡೆದು ನಿಂತಿದ್ದು ಶುರುವಾಗಲಿ. ಆಮೇಲೆ ಅದು ಬೆಳಕೋ, ಕಾರೋ, ಮೀಟಿಂಗೋ, ಏನಾದರೂ ಸರಿ.

ಇಂಗ್ಲಿಷ್‌ನ ‘ಓಪನ್’ ಇಷ್ಟು ಧಾರಾಳಿ ಅಲ್ಲ. ಅದಕ್ಕೆ ಒಂದು ಸಂದು ಬೇಕು, ಒಳಗೆ ಕೈ ಹಾಕುವಂಥದ್ದೋ ಇಣುಕುವಂಥದ್ದೋ. ‘ಓಪನ್ ದ ರೇಡಿಯೊ’ ಅಂದರೆ ಕೇಳಿದವನು ಸ್ಕ್ರೂಡ್ರೈವರ್ ಹುಡುಕುತ್ತಾನೆ. ‘ನನಗೆ ಕಾರು ಓಪನ್ ಮಾಡಲು ಬರುತ್ತದೆ’ ಅಂತ ನಿಮ್ಮ ಹುಡುಗ ಇಂಗ್ಲಿಷ್‌ನಲ್ಲಿ ಹೆಮ್ಮೆಯಿಂದ ಹೇಳಿದರೆ ಅದು ಕಳ್ಳನ ಮಾತಾಗುತ್ತದೆ. ನಗಬೇಡಿ ಮಾತ್ರ. ನಾವು ಫ್ಯಾನ್ ‘ಹಾಕು’ ಅನ್ನುತ್ತೇವಲ್ವಾ, ಅದೇ ಜೋರಿನಲ್ಲಿ ‘ಪುಟ್ ದ ಫ್ಯಾನ್’ ಅಂದವರನ್ನು ನೀವೂ ಕಂಡಿರುತ್ತೀರಿ.

ತಿದ್ದಿದರೂ ನಿಲ್ಲದಿರುವುದಕ್ಕೆ ಇನ್ನೊಂದು ಕಾರಣ ಇದೆ, ಅದನ್ನು ಮೇಷ್ಟ್ರುಗಳು ಗಮನಿಸುವುದು ಕಮ್ಮಿ. ‘ಟರ್ನ್ ಆನ್’ ಎರಡು ತುಂಡಿನ ಮಾತು, ‘ಇಟ್’ ಬಂದರೆ ನಡುವೆಯೇ ತೂರಿಸಬೇಕು: ‘ಟರ್ನ್ ಇಟ್ ಆನ್’. ‘ಟರ್ನ್ ಆನ್ ಇಟ್’ ತಪ್ಪು. ‘ಓಪನ್ ಇಟ್’ ಅಂದರೆ ಈ ರಗಳೆಯೇ ಇಲ್ಲ, ಹಾಗಾಗಿ ನಾಲಿಗೆ ಅಲ್ಲಿಗೇ ಓಡುತ್ತದೆ. ‘ಓಪನ್’ ಅರ್ಥ ಮತ್ತೆ ಮತ್ತೆ ವಿವರಿಸುವುದು ಬಿಡಿ. ಲೈಟ್ ಅಂದರೆ ಟರ್ನ್ ಆನ್, ಕಾರು ಅಂದರೆ ಡ್ರೈವ್, ಮೀಟಿಂಗ್ ಅಂದರೆ ಹೋಲ್ಡ್, ಹೀಗೆ ವಸ್ತುವಿನ ಜೊತೆಗೇ ಕ್ರಿಯಾಪದ ಕಟ್ಟಿ ಬಾಯಿಪಾಠ ಮಾಡಿಸಿ.

ಜಾಣ ಹುಡುಗ ಇದ್ದರೆ ‘ಆ್ಯಪ್ ಓಪನ್ ಮಾಡಬಹುದು, ಫೋನ್ ಯಾಕೆ ಆಗಲ್ಲ?’ ಅಂತ ಕೇಳೇ ಕೇಳುತ್ತಾನೆ. ಆ್ಯಪ್, ಫೈಲ್ ಎಲ್ಲ ಪರದೆಯ ಮೇಲೆ ಕಿಟಕಿಯ ಹಾಗೆ ತೆರೆದುಕೊಳ್ಳುತ್ತವೆ, ಅದಕ್ಕೇ ಓಪನ್. ಫೋನ್‌ಗೆ ಟರ್ನ್ ಆನ್.

ಹೃದಯದ ವಿಷಯದಲ್ಲಿ ಮಾತ್ರ ಹುಷಾರು. ಮ್ಯಾಂಡರಿನ್‌ನಲ್ಲಿ ‘ಖಾಯ್ ಶಿನ್’, ಅಕ್ಷರಶಃ ಹೃದಯ ತೆರೆದರೆ, ಖುಷಿಯಾಗಿರುವುದು. ಇಂಗ್ಲಿಷ್‌ನಲ್ಲಿ ಹೃದಯ ಓಪನ್ ಮಾಡಿದರೆ ಒಳಗಿನ ಗುಟ್ಟೆಲ್ಲ ಹೇಳಿಕೊಂಡ ಹಾಗೆ. ಗುಂಡು ಹಾರಿಸುವಾಗ ಮಾತ್ರ ಎರಡೂ ಭಾಷೆ ಒಂದೇ ಮಾತಾಡುತ್ತವೆ, ‘ಓಪನ್ ಫೈರ್’ಗೆ ಅಲ್ಲಿ ‘ಖಾಯ್ ಹ್ವೊ’. ವಿಚಿತ್ರ ನೋಡಿ.

ಪ್ರಶ್ನೆ: ‘ದ ಶಾಪ್ ಈಸ್ ಓಪನ್ಡ್’ ಅಂತಲೂ ಬರೆಯುತ್ತಾರೆ. ‘ಕ್ಲೋಸ್ಡ್’ ಸರಿ ಆದರೆ ‘ಓಪನ್ಡ್’ ಯಾಕೆ ತಪ್ಪು?

ಉತ್ತರ: ಇಲ್ಲಿ ತಪ್ಪು ಇಂಗ್ಲಿಷ್‌ನದೇ, ಹುಡುಗರದ್ದಲ್ಲ. ‘ಓಪನ್’ ಇಂಗ್ಲಿಷ್‌ನ ಹಳೆಯ ಮನೆಮಾತು, ಕೆಲಸಕ್ಕೂ ಸ್ಥಿತಿಗೂ ಅದೊಂದೇ ಸಾಕು. ‘ಕ್ಲೋಸ್’ ಫ್ರೆಂಚ್‌ನಿಂದ ಬಂದದ್ದು, ಸ್ಥಿತಿ ಹೇಳಲು ಅದಕ್ಕೆ ‘ಡ್’ ಬಾಲ ಬೇಕು. ಬಾಲ ಬಿಟ್ಟು ‘ದ ಶಾಪ್ ಈಸ್ ಕ್ಲೋಸ್’ ಅಂದರೆ ಅಂಗಡಿ ಹತ್ತಿರದಲ್ಲಿದೆ ಅಂತಾಗುತ್ತದೆ. ಯಾರೋ ಬಂದು ತೆರೆದರು ಅನ್ನುವುದೇ ಮುಖ್ಯವಾದಾಗ ‘ಓಪನ್ಡ್’ ಬರಲಿ: ‘ದ ಶಾಪ್ ವಾಸ್ ಓಪನ್ಡ್ ಬೈ ದ ಗಾರ್ಡ್’.