ಟೊಮೆಟೊ ಎಲೆಯ ಕೆನೆಬಣ್ಣದ ಮಚ್ಚೆ ಕಾಣುತ್ತಿಲ್ಲವೇಕೆ?

ಎಲೆಯ ಮೇಲೆ ಕೆನೆಬಣ್ಣದ ಮಚ್ಚೆ ಮೂಡುವ ‘ಸ್ಪ್ಲಾಷ್ ಆಫ್ ಕ್ರೀಮ್’ ತಳಿಯ ಟೊಮೆಟೊ ಬಿತ್ತಿದರೆ ಸಸಿಗಳೆಲ್ಲ ಬರೀ ಹಸಿರಾಗಿವೆ, ಬೀಜ ಕೆಟ್ಟಿದೆಯೇ ಎಂದು ಕೇಳಿದ್ದೀರಿ. ದಯವಿಟ್ಟು ಅವುಗಳನ್ನು ಈಗಲೇ ಕಿತ್ತುಹಾಕಬೇಡಿ. ಮೊದಲ ಎರಡು ಬೀಜದೆಲೆಗಳನ್ನು ನೋಡಿ ಏನನ್ನೂ ತೀರ್ಮಾನಿಸಲಾಗದು. ನಂತರದ ನಾಲ್ಕೈದು ಎಲೆಗಳವರೆಗೆ ಕಾಯಿರಿ.

ಮಚ್ಚೆಯಿರುವ ಭಾಗದಲ್ಲಿ ಪತ್ರಹರಿತ್ತು ಇಲ್ಲ, ಅಥವಾ ತೀರಾ ಕಡಿಮೆ. ಹಾಗಾಗಿ ಗಿಡ ಆಹಾರ ತಯಾರಿಸುವುದೂ ಕಡಿಮೆ, ಬೆಳವಣಿಗೆಯೂ ನಿಧಾನ. ಪೂರ್ತಿ ಬಿಳಿಯಾಗಿ ಹುಟ್ಟಿದ ಸಸಿ ಬೀಜದಲ್ಲಿದ್ದ ಆಹಾರ ಮುಗಿದೊಡನೆ ಸಾಯುತ್ತದೆ. ಅದನ್ನು ಉಳಿಸಲು ಯಾವ ಗೊಬ್ಬರವೂ ನೆರವಾಗದು. ತಂಪು ಹವೆಯಲ್ಲಿ ಬಣ್ಣ ಎದ್ದು ಕಾಣುತ್ತದೆ, ಬಿಸಿಲೇರಿದಂತೆ ಹಸಿರು ಮೇಲುಗೈ ಪಡೆಯುತ್ತದೆ. ಬೆಂಗಳೂರು, ಮೈಸೂರಿನ ಕಡೆ ಅಕ್ಟೋಬರ್‌ನಲ್ಲಿ ಬಿತ್ತುವುದೇ ನನ್ನ ಸಲಹೆ. ಯೂರಿಯಾವನ್ನು ಅತಿಯಾಗಿ ಹಾಕಬೇಡಿ.

ಗಿಡದಲ್ಲಿ ಶುದ್ಧ ಹಸಿರು ಕವಲು ಮೂಡಿದರೆ ಬುಡದಲ್ಲೇ ಚಿವುಟಿ, ಇಲ್ಲವಾದರೆ ಬಲವಾದ ಆ ಕವಲೇ ಗಿಡವನ್ನು ಆಳುತ್ತದೆ. ಚೆನ್ನಾಗಿ ಬಣ್ಣ ಬಂದ ಪಕ್ಕದ ಕುಡಿಯೊಂದನ್ನು ಕತ್ತರಿಸಿ ತೇವದ ಮಣ್ಣಿಗೆ ನೆಡಿ. ಟೊಮೆಟೊ ಕಾಂಡ ಒಂದೆರಡು ವಾರದಲ್ಲೇ ಬೇರು ಬಿಡುತ್ತದೆ. ಬೀಜಕ್ಕಿಂತ ಈ ದಾರಿಯನ್ನೇ ನಾನು ಹೆಚ್ಚು ನಂಬುತ್ತೇನೆ.

ಒಂದು ಎಚ್ಚರಿಕೆ ಮಾತ್ರ ಮರೆಯಬೇಡಿ. ಮೊಸಾಯಿಕ್ ನಂಜುರೋಗದಲ್ಲೂ ಎಲೆ ಬಣ್ಣಬಣ್ಣವಾಗುತ್ತದೆ. ಅಲ್ಲಿ ಕಾಣುವುದು ತಿಳಿಹಸಿರು, ಕಡುಹಸಿರಿನ ಕಲಸುಮೇಲೋಗರ. ಜೊತೆಗೆ ಎಲೆ ಸುಕ್ಕುಗಟ್ಟಿ ಕಿರಿದಾಗುತ್ತದೆ. ಅಂಥ ಗಿಡವನ್ನು ಕಿತ್ತು ದೂರ ಎಸೆದು, ಸೋಪು ಹಚ್ಚಿ ಕೈ ತೊಳೆದ ಮೇಲೆಯೇ ಉಳಿದ ಗಿಡಗಳನ್ನು ಮುಟ್ಟಿ.